ಪ್ರತಿಕ್ರಿಯೆ: ಬೆನ್ನಿ ಉರ್ಕಿಡೆಜ್ ಮತ್ತು ಕ್ಯಾಮೆರಾದ ಮುಂದಿನ ಒದೆ

ಕಿಕ್‌ಬಾಕ್ಸಿಂಗ್ ಚಾಂಪಿಯನ್ ಆಗಿದ್ದ ಬೆನ್ನಿ ಉರ್ಕಿಡೆಜ್ ಅವರಿಗೆ ಸಿನಿಮಾದ ಹೊಡೆದಾಟ ಸುಲಭವಾಗಿತ್ತೇ ಎಂದು ತಾವು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ, ದೇಹಬಲ ಮತ್ತು ವೇಗದ ಮಟ್ಟಿಗೆ ಸುಲಭವೇ ಇದ್ದೀತು, ಆದರೆ ಅಭ್ಯಾಸದ ಮಟ್ಟಿಗೆ ಖಂಡಿತ ಅಲ್ಲ. ರಿಂಗ್‌ನಲ್ಲಿ ಒದೆಯುವವನು ತನ್ನ ಉದ್ದೇಶವನ್ನು ಕೊನೆಯ ಕ್ಷಣದವರೆಗೂ ಎದುರಾಳಿಯಿಂದ ಮರೆಮಾಚಬೇಕು. ಕ್ಯಾಮೆರಾದ ಮುಂದೆ ಅದೇ ಒದೆಯನ್ನು ಪ್ರೇಕ್ಷಕನ ಕಣ್ಣಿಗೆ ನಿಲುಕುವಂತೆ ದೊಡ್ಡದಾಗಿ ಬೀಸಿ, ಸಹನಟನಿಗೆ ಪೆಟ್ಟಾಗದಂತೆ ತಡೆದು, ನಿರ್ದೇಶಕರು ಒಪ್ಪುವವರೆಗೆ ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಸ್ಯಾಮೊ ಹಂಗ್ ನಿರ್ದೇಶಿಸಿ, ಸ್ಪೇನ್‌ನ ಬಾರ್ಸಿಲೋನಾದಲ್ಲಿ ಚಿತ್ರೀಕರಿಸಿದ 1984ರ ಹಾಂಗ್‌ಕಾಂಗ್ ಚಿತ್ರ 'ವೀಲ್ಸ್ ಆನ್ ಮೀಲ್ಸ್'ನ ಕೊನೆಯ ಹೋರಾಟವನ್ನು ಗಮನಿಸಿ ನೋಡಿ. ಖಳನಾಗಿ ನಟಿಸಿದ ಉರ್ಕಿಡೆಜ್ ಬೀಸಿದ, ನಾಯಕ ಜಾಕಿ ಚಾನ್ ತಪ್ಪಿಸಿಕೊಂಡ ಒಂದು ಒದೆಯ ಗಾಳಿಗೆ ಸಾಲಾಗಿ ಉರಿಯುತ್ತಿದ್ದ ಮೇಣದಬತ್ತಿಗಳು ಆರಿಹೋಗುತ್ತವೆ. ಬಾಯಿಮಾತಿನ ಯಾವ ಪರಿಚಯವೂ ಇಲ್ಲದೆ ಖಳನ ಶಕ್ತಿ ಎಷ್ಟೆಂಬುದು ಅಲ್ಲಿ ಸ್ಥಾಪಿತವಾಗುತ್ತದೆ. (ಕಥೆ ಮಾತ್ರ ತೀರಾ ತೆಳುವಾದದ್ದು, ಅದನ್ನು ಸಹಿಸಿಕೊಳ್ಳಲೇಬೇಕು.) ಇಬ್ಬರೂ 1988ರ 'ಡ್ರ್ಯಾಗನ್ಸ್ ಫಾರೆವರ್'ನಲ್ಲಿ ಮತ್ತೆ ಎದುರಾದರು.

ಆದರೂ ಉರ್ಕಿಡೆಜ್ ನಾಯಕನಟರಾಗಿ ನೆಲೆಯೂರಲಿಲ್ಲ. ಅವರದೇ ಕ್ಷೇತ್ರದ ಡಾನ್ ವಿಲ್ಸನ್ 1989ರ 'ಬ್ಲಡ್‌ಫಿಸ್ಟ್'ನಿಂದ ಕಡಿಮೆ ಬಜೆಟ್ಟಿನ ಚಿತ್ರಗಳ ನಾಯಕರಾದರೆ, ಇವರು ತರಬೇತುದಾರರಾಗಿಯೂ ಹೆಸರು ಮಾಡಿದರು. ನಟ ಜಾನ್ ಕ್ಯುಸಾಕ್ ಇವರ ಶಿಷ್ಯರೇ. 1997ರ 'ಗ್ರಾಸ್ ಪಾಯಿಂಟ್ ಬ್ಲಾಂಕ್'ನ ಶಾಲಾ ಕಾರಿಡಾರಿನ ಕಾದಾಟದಲ್ಲಿ ಗುರುವೇ ಶಿಷ್ಯನ ಕೈಯಲ್ಲಿ, ಅದೂ ಒಂದು ಪೆನ್ನಿನಿಂದ, ಸಾಯುವ ಪಾತ್ರ ವಹಿಸಿದ್ದಾರೆ.