ಇಂಧನದ ಕೊರತೆ ಬೆಲೆಯೇರಿಕೆಯನ್ನಷ್ಟೇ ತರುತ್ತದೆಯೇ, ಸಮಾಜವನ್ನೂ ಬದಲಿಸುತ್ತದೆಯೇ?

ಊಟ, ಆರೋಗ್ಯ, ಭೂಮಿಯ ಒಡೆತನ ಎಲ್ಲವನ್ನೂ ಅದು ಅಲುಗಿಸುತ್ತದೆ. ಇದಕ್ಕೆ 1990ರ ದಶಕದ ಕ್ಯೂಬಾಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಸಕ್ಕರೆಗೆ ಪ್ರತಿಯಾಗಿ ಅಗ್ಗದ ತೈಲ ಪೂರೈಸುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿದಾಗ, ಕೆಲವೇ ವರ್ಷಗಳಲ್ಲಿ ಕ್ಯೂಬಾದ ತೈಲ ಆಮದು ಸುಮಾರು ಅರ್ಧಕ್ಕಿಳಿಯಿತು. ಅಲ್ಲಿನ ಕೃಷಿ ಟ್ರ್ಯಾಕ್ಟರು, ಕೀಟನಾಶಕ, ರಸಗೊಬ್ಬರಗಳನ್ನೇ ನಂಬಿತ್ತಾದ್ದರಿಂದ (ಯೂರಿಯಾ ಕೂಡ ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದಲೇ ತಯಾರಾಗುತ್ತದೆ ಎಂಬುದನ್ನು ನಾವು ಮರೆಯುತ್ತೇವೆ), ಡೀಸೆಲ್ಲಿನ ಅಭಾವ ನೇರವಾಗಿ ಊಟದ ತಟ್ಟೆಗೆ ಬಂದು ತಟ್ಟಿತು. 1992-93ರಲ್ಲಿ 50,000ದಷ್ಟು ಜನ ದೃಷ್ಟಿ ಮಂದವಾಗುವ ಅಥವಾ ಕೈಕಾಲು ಜೋಮುಗಟ್ಟುವ ನರರೋಗಕ್ಕೆ ತುತ್ತಾದರು; ಬಿ ಜೀವಸತ್ವಗಳ ಕೊರತೆ ಅದರ ಮುಖ್ಯ ಕಾರಣವಾಗಿತ್ತು, ತಂಬಾಕು ಸೇವನೆ ಅದನ್ನು ಉಲ್ಬಣಿಸಿತು. ಹವಾನಾದಲ್ಲಿ ಲಾರಿಯ ಎಂಜಿನ್ ಎಳೆಯುವ, ಎರಡು ಡುಬ್ಬಗಳ ಉದ್ದನೆಯ ಬಸ್ಸುಗಳು ಓಡಾಡಿದವು. ಜನ ಅವನ್ನು ‘ಒಂಟೆ’ ಎಂದೇ ಕರೆದರು. ಹೊಲಗಳಿಗೆ ಎತ್ತುಗಳು ಮರಳಿದವು.

ಯಂತ್ರಗಳಿಗೆಂದೇ ರೂಪಿಸಿದ್ದ ಬೃಹತ್ ಹೊಲಗಳು ಎತ್ತಿನ ಉಳುಮೆಗೆ ಒಗ್ಗುವುದಿಲ್ಲ. ಸರ್ಕಾರ 1993ರಲ್ಲಿ ತನ್ನ ಫಾರಂಗಳನ್ನು ಒಡೆದು ಸಹಕಾರ ಸಂಘಗಳ ಕೈಗಿತ್ತದ್ದಕ್ಕೂ, ಮರುವರ್ಷ ರೈತರ ಮುಕ್ತ ಮಾರುಕಟ್ಟೆಗೆ ಒಪ್ಪಿದ್ದಕ್ಕೂ ಸಿದ್ಧಾಂತಕ್ಕಿಂತ ಈ ಒತ್ತಡವೇ ಕಾರಣವೆಂದು ನನ್ನ ಅಭಿಪ್ರಾಯ.

ಇದನ್ನು ಸಾವಯವ ಕೃಷಿಯ ವಿಜಯಗಾಥೆಯಾಗಿ ಹಾಡಿಹೊಗಳುವವರಿದ್ದಾರೆ. ಆದರೆ ಕ್ಯೂಬಾ ಆಮೇಲೂ ಆಹಾರದ ದೊಡ್ಡ ಪಾಲನ್ನು ಆಮದು ಮಾಡಿಕೊಳ್ಳುತ್ತಲೇ ಬಂದಿದೆ. ಇನ್ನು ಅದೇ ಸೋವಿಯತ್ ನೆರವನ್ನು ಕಳೆದುಕೊಂಡ ಉತ್ತರ ಕೊರಿಯಾದಲ್ಲಿ, ಪ್ರವಾಹಗಳೂ ಜೊತೆಗೂಡಿ, ಲಕ್ಷಾಂತರ ಜನ ಕ್ಷಾಮಕ್ಕೆ ಬಲಿಯಾದರು. ಇಂಧನದ ಮಿತಿ ಎರಡೂ ದೇಶಗಳನ್ನು ಕಟ್ಟಿಹಾಕಿತು. ಸಾವಿನ ಪ್ರಮಾಣವನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಪಡಿತರ ವಿತರಣೆ ಮತ್ತು ಆಡಳಿತದ ನಿಲುವು.