ಟ್ಯಾಂಪಾದ ‘ಸೆಂತ್ರೊ ಎಸ್ಪಾನ್ಯೋಲ್’ ಬರೀ ಮೋಜಿನ ಕ್ಲಬ್ ಆಗಿತ್ತಾ?

ಫ್ಲೋರಿಡಾದ ಟ್ಯಾಂಪಾಕ್ಕೆ ಮಗಳ ಮನೆಗೆ ಹೋಗಿದ್ದಾಗ ಈಬೋರ್ ಸಿಟಿ ಅನ್ನೋ ಹಳೇ ಪೇಟೆಯಲ್ಲಿ ‘ಸೆಂತ್ರೊ ಎಸ್ಪಾನ್ಯೋಲ್’ ಎಂಬ ಕೆಂಪು ಇಟ್ಟಿಗೆ ಕಟ್ಟಡ ನೋಡಿದಿರಿ ಅಂತ ಬರೆದಿದ್ದೀರಿ. ಅದು ಸ್ಪೇನಿನಿಂದ ಬಂದವರ ಕ್ಲಬ್ ಅಂತ ಯಾರೋ ಹೇಳಿದರು. ಹೊಟ್ಟೆಪಾಡಿಗೆ ಬಂದವರಿಗೆ ಇಷ್ಟು ದೊಡ್ಡ ಕ್ಲಬ್ ಯಾಕೆ ಬೇಕಿತ್ತು, ಇದು ಶ್ರೀಮಂತರ ಮೋಜಿನ ಜಾಗವಾ ಅಂತ ನಿಮ್ಮ ಪ್ರಶ್ನೆ.

ನಾನು ಟ್ಯಾಂಪಾದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಶನಿವಾರ ಬೆಳಿಗ್ಗೆ ಆ ಕಟ್ಟಡದ ಮುಂದೆ ನಡೆದಾಡುವುದು ನನಗೆ ರೂಢಿಯಾಗಿಬಿಟ್ಟಿತ್ತು. ಆಮೇಲೆ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮೋಜು ಖಂಡಿತ ಇತ್ತು. ನಾಟಕ, ಕುಣಿತ, ಇಸ್ಪೀಟು, ಡೊಮಿನೊ ಎಲ್ಲವೂ ಇತ್ತು. ಆದರೆ ಆ ಪೇಟೆಯ ಜನ ತಿಂಗಳು ತಿಂಗಳು ತಪ್ಪದೆ ಕ್ಲಬ್ಬುಗಳಿಗೆ ಚಂದಾ ಕಟ್ಟಿದ್ದು ಜಾಸ್ತಿ ಡಾಕ್ಟರಿಗಾಗಿ, ಆಸ್ಪತ್ರೆಯ ಹಾಸಿಗೆಗಾಗಿ, ಕೊನೆಗೆ ಹೂಳಲು ಜಾಗಕ್ಕಾಗಿ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಈಬೋರ್ ಅನ್ನುವುದು ಒಬ್ಬ ಮನುಷ್ಯನ ಹೆಸರು. ವಿಸೆಂತೆ ಮಾರ್ತಿನೆಸ್ ಈಬೋರ್, ಸ್ಪೇನಿನ ವಲೆನ್ಸಿಯಾದವರು, ಹುಟ್ಟಿದ್ದು 1818ರಲ್ಲಿ. ಹುಡುಗನಾಗಿದ್ದಾಗಲೇ ಕ್ಯೂಬಾಕ್ಕೆ ಹೋಗಿ ಸಿಗಾರ್ ವ್ಯಾಪಾರದಲ್ಲಿ ದೊಡ್ಡ ಹೆಸರು ಮಾಡಿದರು. ಕ್ಯೂಬಾ ಆಗ ಸ್ಪೇನಿನ ಕೈಯಲ್ಲಿತ್ತು. 1868ರಲ್ಲಿ ಅಲ್ಲಿ ಸ್ವಾತಂತ್ರ್ಯಕ್ಕಾಗಿ ದಂಗೆ ಎದ್ದಿತು. ಈಬೋರ್ ಸ್ಪೇನಿನವರಾದರೂ ಕ್ಯೂಬಾದವರ ಪರ ಇದ್ದಾರೆ ಎಂಬ ಗುಮಾನಿ ಸರ್ಕಾರಕ್ಕೆ ಬಂತು. 1869ರಲ್ಲಿ ಅವರು ಫ್ಲೋರಿಡಾದ ಕೀ ವೆಸ್ಟ್ ದ್ವೀಪಕ್ಕೆ ಓಡಿಬಂದು ಅಲ್ಲಿ ಕಾರ್ಖಾನೆ ತೆರೆದರು. ಅಲ್ಲಿ ಮುಷ್ಕರಗಳು ಜಾಸ್ತಿಯಾದವು, ಸಿಹಿನೀರಿಗೂ ಕಷ್ಟ. 1885ರಲ್ಲಿ ಟ್ಯಾಂಪಾದ ಪಕ್ಕ ಜೌಗು ಜಾಗ ಕೊಂಡುಕೊಂಡರು. ರೈಲು ಆಗಷ್ಟೇ ಬಂದಿತ್ತು, ಬಂದರು ಇತ್ತು, ಹವಾನಾದಿಂದ ಹೊಗೆಸೊಪ್ಪು ತರಲು ಹತ್ತಿರ. ಸೊಪ್ಪು ಪುಡಿಯಾಗದೆ ಮೆತ್ತಗಿರಬೇಕಾದರೆ ಗಾಳಿಯಲ್ಲಿ ತೇವ ಇರಬೇಕು, ಟ್ಯಾಂಪಾದಲ್ಲಿ ಅದಕ್ಕೇನೂ ಕೊರತೆಯಿಲ್ಲ.

ಅವರ ಜೊತೆಯಲ್ಲೇ ಇಗ್ನಾಸಿಯೊ ಆಯಾ ಎಂಬ ಇನ್ನೊಬ್ಬ ಸ್ಪೇನಿನ ಮಾಲೀಕರೂ ಅಲ್ಲಿಗೆ ಬಂದರು. ಇಬ್ಬರ ಕಾರ್ಖಾನೆಯೂ 1886ರಲ್ಲಿ ಒಟ್ಟಿಗೇ ಶುರುವಾಗಬೇಕಿತ್ತು. ಆದರೆ ಈಬೋರ್ ಅವರ ಕಾರ್ಖಾನೆಯಲ್ಲಿ ಲೆಕ್ಕ ಬರೆಯಲು ಒಬ್ಬ ಸ್ಪೇನಿನವನನ್ನು ಇಟ್ಟುಕೊಂಡಿದ್ದರು. ಅವನಿದ್ದರೆ ನಾವು ಕೈ ಹಾಕುವುದಿಲ್ಲ ಎಂದು ಕ್ಯೂಬಾದ ಕೆಲಸಗಾರರು ಎದ್ದುಹೋದರು. ಹಾಗಾಗಿ ಆ ಊರಿನ ಮೊದಲ ಸಿಗಾರ್ ಸುತ್ತಿದ್ದು ಆಯಾ ಅವರ ಕಾರ್ಖಾನೆಯಲ್ಲಿ.

ಇದನ್ನು ಯಾಕೆ ಹೇಳಿದೆ ಅಂದರೆ, ಆ ಕ್ಲಬ್ ಹುಟ್ಟಲು ಕಾರಣ ಇಲ್ಲೇ ಇದೆ. ಈಬೋರ್ ಸಿಟಿಯಲ್ಲಿ ಹೆಚ್ಚಿನವರು ಕ್ಯೂಬಾದವರು. ಸ್ಪೇನಿನವರು ಕಡಿಮೆ. ಮಾಲೀಕರು, ಮೇಸ್ತ್ರಿಗಳು, ಒಳ್ಳೆ ಸಂಬಳದ ಕೆಲಸದವರು ಹೆಚ್ಚಾಗಿ ಸ್ಪೇನಿನವರೇ ಆಗಿದ್ದರಿಂದ ಬಡ ಸ್ಪೇನಿನವನ ಮೇಲೂ ಜನರಿಗೆ ಸಿಟ್ಟು. ಇತ್ತ ಟ್ಯಾಂಪಾದ ಬಿಳಿ ಅಮೆರಿಕನ್ನರಿಗೆ ಇವರೆಲ್ಲರೂ ಒಂದೇ, ಹೊರಗಿನವರು. ಇಂಥ ಹೊತ್ತಿನಲ್ಲಿ 1891ರ ಸೆಪ್ಟೆಂಬರಿನಲ್ಲಿ 186 ಜನ ಸೇರಿ ಸೆಂತ್ರೊ ಎಸ್ಪಾನ್ಯೋಲ್ ಕಟ್ಟಿದರು. ಮೊದಲ ಅಧ್ಯಕ್ಷರು ಅದೇ ಆಯಾ. ಸದಸ್ಯನಾಗಬೇಕಾದರೆ ಸ್ಪೇನಿನಲ್ಲಿ ಹುಟ್ಟಿರಬೇಕು, ಇಲ್ಲವೇ ಸ್ಪೇನಿಗೆ ನಿಷ್ಠನಾಗಿರಬೇಕು. ಅದೇ ವರ್ಷ ನವೆಂಬರಿನಲ್ಲಿ ಕ್ಯೂಬಾದ ಸ್ವಾತಂತ್ರ್ಯ ಹೋರಾಟದ ನಾಯಕ ಹೊಸೆ ಮಾರ್ತಿ ಈಬೋರ್ ಸಿಟಿಗೆ ಬಂದು ಭಾಷಣ ಮಾಡಿದರು. ಒಂದು ಬೀದಿಯಲ್ಲಿ ಸ್ಪೇನಿನ ಬಾವುಟ, ಇನ್ನೊಂದರಲ್ಲಿ ಸ್ಪೇನನ್ನು ಓಡಿಸಲು ಚಂದಾ ಎತ್ತುವವರು. 1898ರಲ್ಲಿ ಅಮೆರಿಕ ಸ್ಪೇನಿನ ಮೇಲೆ ಯುದ್ಧಕ್ಕಿಳಿದಾಗ ಕ್ಯೂಬಾಕ್ಕೆ ಹೊರಟ ಅಮೆರಿಕದ ಸೈನ್ಯ ಹಡಗು ಹತ್ತಿದ್ದೂ ಟ್ಯಾಂಪಾದಲ್ಲೇ. ಆ ದಿನಗಳಲ್ಲಿ ಸೆಂತ್ರೊದವರ ಎದೆ ಹೇಗೆ ಹೊಡೆದುಕೊಂಡಿರಬೇಡ!

ಈಗ ಆಸ್ಪತ್ರೆಯ ವಿಷಯ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ತಟ್ಟುವುದು ಇದೇ.

ಸ್ಪೇನಿನಿಂದ ಬಂದವರಲ್ಲಿ ಬಹಳ ಮಂದಿ ಅಸ್ತೂರಿಯಾಸ್ ಮತ್ತು ಗಲೀಸಿಯಾ ಎಂಬ ಉತ್ತರದ ಬಡ ಪ್ರದೇಶಗಳವರು. ಹದಿನಾಲ್ಕು ಹದಿನೈದು ವಯಸ್ಸಿಗೇ, ಸೈನ್ಯಕ್ಕೆ ಹಿಡಿದುಕೊಂಡು ಹೋಗುವ ಮೊದಲು, ಮನೆಯವರು ಹಡಗು ಹತ್ತಿಸಿ ಹವಾನಾಕ್ಕೆ ಕಳಿಸುತ್ತಿದ್ದರು. ಅಲ್ಲಿ ಊರಿನವರದೋ ನೆಂಟರದೋ ಅಂಗಡಿಯಲ್ಲಿ ಹಗಲೆಲ್ಲ ದುಡಿದು ರಾತ್ರಿ ಅಲ್ಲೇ ಮಲಗುವುದು. ನಮ್ಮ ಕರಾವಳಿಯ ಹುಡುಗರು ಮುಂಬೈಯ ಹೋಟೆಲುಗಳಿಗೆ ಹೋಗಿ ಮೇಜಿನ ಮೇಲೆ ಮಲಗಿದ ಹಾಗೆಯೇ. ಅಂಥವರು ಟ್ಯಾಂಪಾಕ್ಕೆ ಬಂದಾಗ ಜೊತೆಗೆ ಅಪ್ಪ ಅಮ್ಮ ಇಲ್ಲ, ಅಜ್ಜಿ ಇಲ್ಲ. ಟ್ಯಾಂಪಾದಲ್ಲಿ 1887ರಲ್ಲೇ ಹಳದಿ ಜ್ವರ ಕಾಣಿಸಿಕೊಂಡಿತ್ತು. ಮಲೇರಿಯಾ ಇತ್ತು. ಕಿಟಕಿ ಮುಚ್ಚಿದ ಕಾರ್ಖಾನೆಗಳಲ್ಲಿ ಹೊಗೆಸೊಪ್ಪಿನ ಧೂಳು ಕುಡಿಯುತ್ತ ದುಡಿದವರಲ್ಲಿ ಕ್ಷಯವೂ ಹರಡುತ್ತಿತ್ತು. ಜ್ವರ ಬಂದು ಮಲಗಿದರೆ ಗಂಜಿ ಕಾಸಿ ಕೊಡುವವರು ಯಾರು? ಸತ್ತರೆ ಎತ್ತುವವರು ಯಾರು? ಸುಮ್ನೆ ಯೋಚಿಸಿ ನೋಡಿ.

ಇದಕ್ಕೆ ದಾರಿ ಹವಾನಾದಲ್ಲಿ ಆಗಲೇ ಇತ್ತು. ಅಲ್ಲಿ ಗಲೀಸಿಯಾದವರು 1879ರಲ್ಲಿ, ಅಸ್ತೂರಿಯಾದವರು 1886ರಲ್ಲಿ ತಮ್ಮ ತಮ್ಮ ಸೆಂತ್ರೊಗಳನ್ನು ಕಟ್ಟಿಕೊಂಡಿದ್ದರು. ತಿಂಗಳಿಗಿಷ್ಟು ಅಂತ ಕೊಟ್ಟರೆ ಕಾಯಿಲೆ ಬಂದಾಗ ನಿಮ್ಮನ್ನು ನೋಡಿಕೊಳ್ಳುವುದು ಸಂಘದ ಜವಾಬ್ದಾರಿ. ಟ್ಯಾಂಪಾದ ಕೆಲಸಗಾರರು ಸೆಂತ್ರೊ ಎಸ್ಪಾನ್ಯೋಲಿನಲ್ಲಿ ಇದನ್ನೇ ಕೇಳಿದರು, ನಮಗೂ ಆಸ್ಪತ್ರೆ ಬೇಕು. ಆಡಳಿತ ಹಿಂದೇಟು ಹಾಕಿತು. ಬೇಸತ್ತ ಅಸ್ತೂರಿಯಾದವರು 1902ರಲ್ಲಿ ಹೊರಬಂದು ಹವಾನಾದ ಸಂಘದ ಶಾಖೆಯಾಗಿ ‘ಸೆಂತ್ರೊ ಅಸ್ತೂರಿಯಾನೊ’ ತೆರೆದರು. ಮೊದಲಿಗೇ 500ಕ್ಕೂ ಹೆಚ್ಚು ಮಂದಿ ಸೇರಿದರು. ಕೆಲವೇ ವರ್ಷಗಳಲ್ಲಿ ಎರಡೂ ಕ್ಲಬ್ಬುಗಳಿಗೆ ಸ್ವಂತ ಆಸ್ಪತ್ರೆ ಬಂತು. ಒಡಕಿನಿಂದ ಒಳ್ಳೆಯದಾಗುವುದು ಅಪರೂಪ, ಇಲ್ಲಿ ಆಯಿತು ಅನ್ನುವುದು ನನ್ನ ಅಭಿಪ್ರಾಯ.

ಕ್ಲಬ್ಬಿನ ಸಂಬಳಕ್ಕೆ ಕೆಲಸ ಮಾಡುವ ಡಾಕ್ಟರುಗಳ ಮೇಲೆ ಊರಿನ ಉಳಿದ ಡಾಕ್ಟರುಗಳಿಗೆ ಕೋಪ ಬಂತು. ತಮ್ಮ ಸಂಘಕ್ಕೆ ಸೇರಿಸಿಕೊಳ್ಳಲಿಲ್ಲ, ಬಹಿಷ್ಕಾರವನ್ನೂ ಹಾಕಿದರು. ಆದರೂ ವ್ಯವಸ್ಥೆ ನಿಲ್ಲಲಿಲ್ಲ. ಅಮೆರಿಕದಲ್ಲಿ ಇವತ್ತಿಗೂ ಆಸ್ಪತ್ರೆ ಬಿಲ್ ಅಂದರೆ ಜನ ನಡುಗುತ್ತಾರೆ, ಅಲ್ವಾ? ಅಂಥ ಕಡೆ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಸಿಗಾರ್ ಸುತ್ತುವವರು ಚಿಲ್ಲರೆ ಕಾಸು ಕೂಡಿಸಿ ತಮ್ಮ ಕುಟುಂಬಗಳಿಗೆ ಚಿಕಿತ್ಸೆ ಮಾಡಿಸಿಕೊಂಡರು. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಕಾಸು ಕೂಡಿಸುವ ಈ ಅಭ್ಯಾಸ ಅವರಿಗೆ ಕಾರ್ಖಾನೆಯಿಂದಲೇ ಬಂದಿತ್ತು. ಪ್ರತಿ ಕಾರ್ಖಾನೆಯಲ್ಲೂ ಎತ್ತರದ ಕಟ್ಟೆಯ ಮೇಲೆ ‘ಲೆಕ್ತೊರ್’ ಅಂತ ಒಬ್ಬ ಓದುಗ ಕೂರುತ್ತಿದ್ದ. ಕೆಳಗೆ ನೂರಾರು ಜನ ಸಿಗಾರ್ ಸುತ್ತುತ್ತಿದ್ದರೆ ಅವನು ಪೇಪರ್, ಕಥೆ, ಕಾದಂಬರಿ ಗಟ್ಟಿಯಾಗಿ ಓದುತ್ತಿದ್ದ. ಅವನ ಸಂಬಳ ಕೊಡುತ್ತಿದ್ದದ್ದು ಮಾಲೀಕ ಅಲ್ಲ, ಕೆಲಸಗಾರರು, ವಾರದ ಕೂಲಿಯಿಂದ. ಅಕ್ಷರ ಬಾರದವನಿಗೂ ದೊಡ್ಡ ಕಾದಂಬರಿಗಳ ಕಥೆ ಬಾಯಿಪಾಠ. ಅಂಥವರು ಕಟ್ಟಿದ ಕ್ಲಬ್ಬಿನಲ್ಲಿ ನಾಟಕದ ಹಾಲ್ ಇಷ್ಟು ದೊಡ್ಡದಾಗಿದ್ದರೆ ಆಶ್ಚರ್ಯವೇನೂ ಇಲ್ಲ.

ನೀವು ನೋಡಿದ್ದು 1912ರ ಕಟ್ಟಡ. ಅದಕ್ಕೂ ಮೊದಲು ಇದ್ದದ್ದು ಮರದ್ದು. ಅದೇ ವರ್ಷ ವೆಸ್ಟ್ ಟ್ಯಾಂಪಾದಲ್ಲೂ ಇನ್ನೊಂದನ್ನು ಕಟ್ಟಿದರು. ಏಳನೇ ಅವೆನ್ಯೂದಲ್ಲಿ ನಿಂತು ಮೇಲೆ ನೋಡಿದರೆ ಕಬ್ಬಿಣದ ಕಂಬಿಗಳ ಬಾಲ್ಕನಿ, ಸ್ಪೇನಿನ ಮೂರಿಷ್ (ಒಂದು ಕಾಲದಲ್ಲಿ ಅಲ್ಲಿ ಆಳಿದ ಮುಸ್ಲಿಮರ ಶೈಲಿಯ) ಕಟ್ಟಡಗಳನ್ನು ನೆನಪಿಸುವ ಕಮಾನು ಕಾಣುತ್ತದೆ. ಬೆಳಿಗ್ಗೆ ಹೊತ್ತು ಅಲ್ಲಿ ಹುಂಜಗಳು ಓಡಾಡುತ್ತಿರುತ್ತವೆ. ಹಳೇ ಕಾಲದ ಮನೆಗಳ ಹಿತ್ತಲ ಕೋಳಿಗಳ ಸಂತತಿ ಅಂತ ಊರಿನವರು ಹೇಳುತ್ತಾರೆ, ಅವನ್ನು ಯಾರೂ ಮುಟ್ಟುವ ಹಾಗಿಲ್ಲ. ಒಳಗೆ ಆಗ ನಾಟಕಶಾಲೆ, ಕುಣಿತದ ಹಾಲ್, ಕಾಫಿ ಮತ್ತು ಮದ್ಯಕ್ಕೆ ‘ಕಾಂತಿನಾ’. ಈ ಕ್ಲಬ್ಬುಗಳ ಕುಣಿತಕ್ಕೆ ಹೆಣ್ಣುಮಕ್ಕಳು ಒಬ್ಬರೇ ಬರುವಂತಿರಲಿಲ್ಲ. ಅಮ್ಮಂದಿರು, ಚಿಕ್ಕಮ್ಮಂದಿರು ಗೋಡೆಯುದ್ದಕ್ಕೂ ಕುರ್ಚಿ ಹಾಕಿಕೊಂಡು ಕೂತು ಕಣ್ಣಿಡುತ್ತಿದ್ದರು. ಎಷ್ಟೋ ಮದುವೆಗಳು ಕುದುರಿದ್ದು ಆ ಕುರ್ಚಿಗಳ ಮುಂದೆಯೇ.

ಒಂದು ನೋವಿನ ವಿಷಯವನ್ನೂ ಹೇಳಲೇಬೇಕು. ಕಾರ್ಖಾನೆಯಲ್ಲಿ ಬಿಳಿಯರು ಕರಿಯರು ಒಂದೇ ಬೆಂಚಿನಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಕ್ಲಬ್ಬಿನಲ್ಲಿ ಹಾಗಿರಲಿಲ್ಲ. ಫ್ಲೋರಿಡಾದ ಬಣ್ಣಭೇದದ ಕಾನೂನುಗಳ ಒತ್ತಡದಲ್ಲಿ ಕ್ಯೂಬಾದವರ ಸಂಘವೂ ಒಡೆಯಿತು. ಕರಿಯ ಕ್ಯೂಬನ್ನರು ‘ಮಾರ್ತಿ-ಮಾಸೆಯೊ’ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಉಳಿದ ಕ್ಲಬ್ಬುಗಳ ಭವ್ಯ ಕಟ್ಟಡಗಳು ನಿಂತಿವೆ, ಅವರ ಹಳೇ ಕಟ್ಟಡವನ್ನು 1960ರ ದಶಕದಲ್ಲಿ ಊರು ಸುಧಾರಣೆ ಹೆಸರಲ್ಲಿ ಕೆಡವಿದರು.

1930ರ ದಶಕದಲ್ಲಿ ಎಲ್ಲವೂ ಅಲುಗಾಡಿತು. 1931ರಲ್ಲಿ ಮಾಲೀಕರು ಲೆಕ್ತೊರ್‌ಗಳನ್ನು ತೆಗೆದುಹಾಕಿದರು. ಯಂತ್ರ ಬಂತು, ಜನ ಸಿಗರೇಟಿಗೆ ತಿರುಗಿದರು. 1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾದಾಗ ಈಬೋರ್ ಸಿಟಿಯ ಹೆಚ್ಚಿನ ಜನ ದಂಗೆ ಎದ್ದ ಸೇನಾಧಿಕಾರಿ ಫ್ರಾಂಕೋ ವಿರುದ್ಧ, ಚುನಾಯಿತ ಗಣರಾಜ್ಯ ಸರ್ಕಾರದ ಪರ. ಆರ್ಥಿಕ ಕುಸಿತದ ಕಾಲ, ಕೈಯಲ್ಲಿ ಕಾಸಿಲ್ಲ, ಆದರೂ ಹಣ ಕೂಡಿಸಿ ಆಂಬುಲೆನ್ಸ್ ಕಳಿಸಿದರು. ಸ್ಪೇನಿನ ಗೆರ್ನಿಕಾ ಊರಿನ ಮೇಲೆ ಬಾಂಬ್ ಬಿದ್ದ ಸುದ್ದಿ ಬಂದ ಮೇಲೆ, 1937ರ ಮೇ ತಿಂಗಳಲ್ಲಿ, ಸಾವಿರಾರು ಹೆಂಗಸರು ಸಿಟಿ ಹಾಲ್‌ವರೆಗೆ ಮೆರವಣಿಗೆ ಹೋದರು.

ಎರಡನೇ ಮಹಾಯುದ್ಧದಿಂದ ಮರಳಿದ ಮಕ್ಕಳು ಹೊಸ ಬಡಾವಣೆಗಳಿಗೆ ಹೋದರು. 1962ರಲ್ಲಿ ಅಮೆರಿಕ ಕ್ಯೂಬಾದ ವ್ಯಾಪಾರ ನಿಲ್ಲಿಸಿದ ಮೇಲೆ ಹವಾನಾದ ಸೊಪ್ಪೂ ಇಲ್ಲವಾಯಿತು. ಹೆದ್ದಾರಿ ಪೇಟೆಯನ್ನು ಸೀಳಿಕೊಂಡು ಹೋಯಿತು. ಕೆಲಸದ ಜೊತೆಗೇ ಆರೋಗ್ಯ ವಿಮೆ ಸಿಗುವ ಕಾಲ ಬಂತು, ಚಂದಾ ಕಟ್ಟುವವರು ಕಡಿಮೆಯಾದರು. 1980ರ ದಶಕದಲ್ಲಿ ಸೆಂತ್ರೊ ಎಸ್ಪಾನ್ಯೋಲ್ ಆ ಕಟ್ಟಡದ ಬಾಗಿಲು ಹಾಕಿತು. 1988ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕ ಎಂದು ಘೋಷಿಸಿತು. ಗೋಡೆಗಳಾದರೂ ಉಳಿದವು. ಈಗ ಅದು ಅಂಗಡಿ, ಹೋಟೆಲುಗಳ ಸಂಕೀರ್ಣದ ಒಂದು ಭಾಗ.

ಮತ್ತೆ ಮಗಳ ಮನೆಗೆ ಹೋದಾಗ ಅಲ್ಲಿಂದ ಸ್ವಲ್ಪ ದೂರ ನಡೆದು, ನೆಬ್ರಾಸ್ಕಾ ಅವೆನ್ಯೂದಲ್ಲಿರುವ ಸೆಂತ್ರೊ ಅಸ್ತೂರಿಯಾನೊವನ್ನೂ ನೋಡಿ. ಹಿಂದಿನ ಕಟ್ಟಡ ಬೆಂಕಿಗೆ ಸುಟ್ಟುಹೋದ ಮೇಲೆ 1914ರಲ್ಲಿ ತೆರೆದದ್ದು, ಒಳಗೆ 1,200 ಜನ ಕೂರುವ ನಾಟಕಶಾಲೆ. ಒಳಗೆ ಬಿಟ್ಟರೆ ನೆಲಮಾಳಿಗೆಯ ಕಾಂತಿನಾಕ್ಕೆ ಇಳಿದು ಅಲ್ಲಿನ ಉದ್ದನೆಯ ಅಮೃತಶಿಲೆಯ ಕಟ್ಟೆಯ ಮೇಲೆ ಒಮ್ಮೆ ಕೈ ಇಟ್ಟು ನೋಡಿ. ಇಡೀ ದಿನ ಸಿಗಾರ್ ಸುತ್ತಿ ಬಂದವರು ಮೊಣಕೈ ಊರಿ ಕಾಫಿ ಕುಡಿದ ಜಾಗ ಅದು.