ಫ್ರಾನ್ಸಿನ ಗ್ಲುವಾರ್, ಬ್ರಿಟನ್ನಿನ ವಾರಿಯರ್: ಎದುರಾಗಿದ್ದರೆ ಗೆಲ್ಲುತ್ತಿದ್ದದ್ದು ಯಾವುದು?

ಇವೆರಡೂ 19ನೇ ಶತಮಾನದ, ಕಬ್ಬಿಣದ ಕವಚ ಹೊದ್ದ ಯುದ್ಧನೌಕೆಗಳು; ಒಂದಕ್ಕೊಂದು ಎಂದೂ ಕಾದಾಡಲಿಲ್ಲ. ಆದರೂ ನನ್ನ ಮತ ವಾರಿಯರ್‌ಗೆ, ಅದೂ ಕವಚ ನೋಡಿ ಅಲ್ಲ. ಕವಚದಲ್ಲಿ ಗ್ಲುವಾರ್ ಕೂದಲೆಳೆಯಷ್ಟು ಮುಂದೆಯೇ ಇತ್ತು: 12 ಸೆಂ.ಮೀ. ಕಬ್ಬಿಣ, ಅದೂ ತುದಿಯಿಂದ ತುದಿಗೆ. ವಾರಿಯರ್‌ನದು 11.4 ಸೆಂ.ಮೀ., ಹಿಂದೆ 46 ಸೆಂ.ಮೀ. ತೇಗ.

ನಿಜವಾದ ವ್ಯತ್ಯಾಸ ಒಡಲಿನಲ್ಲಿ. 1859ರಲ್ಲಿ ನೀರಿಗಿಳಿದ ಗ್ಲುವಾರ್ ಮೂಲತಃ ಮರದ ಹಡಗು, ಮೇಲೆ ಕಬ್ಬಿಣದ ಪ್ಲೇಟು ಜಡಿದದ್ದು. ಮರದ ಒಡಲು ಉದ್ದವಾದಷ್ಟೂ ಬಾಗುತ್ತದೆ. ಹಾಗಾಗಿ ಗ್ಲುವಾರ್‌ನ ಉದ್ದ 78 ಮೀಟರ್ ಮಾತ್ರ. ಫಿರಂಗಿ ಕಿಂಡಿಗಳು ನೀರಿನಿಂದ ಎರಡು ಮೀಟರೂ ಎತ್ತರವಿರಲಿಲ್ಲ. ಸಮುದ್ರ ಸ್ವಲ್ಪ ಎದ್ದರೂ ಕಿಂಡಿಯೊಳಗೆ ನೀರು, ಮುಚ್ಚಿದರೆ ಫಿರಂಗಿ ದಂಡ. ಮರುವರ್ಷದ ವಾರಿಯರ್ ಪೂರ್ತಿ ಕಬ್ಬಿಣದ್ದು: 128 ಮೀಟರ್ ಉದ್ದ, ಒಳಗೆ ನೀರು ಹರಡದಂತೆ ಅಡ್ಡಗೋಡೆಗಳು, ಸುಮಾರು 14 ನಾಟ್ ವೇಗ. ಗ್ಲುವಾರ್‌ಗಿಂತ ಒಂದು ನಾಟ್‌ನಷ್ಟು ಹೆಚ್ಚು, ಹಾಗಾಗಿ ಎಷ್ಟು ದೂರದಿಂದ ಹೊಡೆದಾಡಬೇಕೆಂಬ ಆಯ್ಕೆ ಅದರ ಕೈಯಲ್ಲಿ.

ಹುಳುಕೂ ಇತ್ತು. ವಾರಿಯರ್‌ನ ಕವಚ ನಡುಭಾಗದ 65 ಮೀಟರಿಗಷ್ಟೇ; ಹಿಂಬದಿಯ ಚುಕ್ಕಾಣಿ ಸಲಕರಣೆಗೆ ರಕ್ಷಣೆಯೇ ಇಲ್ಲ. ಅಲ್ಲೊಂದು ಗುಂಡು ಬಿದ್ದರೆ ಅಷ್ಟುದ್ದದ ಹಡಗನ್ನು ತಿರುಗಿಸುವವರು ಯಾರು? ಅದರ 10 ಹೊಸ ಆರ್ಮ್‌ಸ್ಟ್ರಾಂಗ್ ಫಿರಂಗಿಗಳಿಗೆ ಮದ್ದು ತುಂಬುವುದು ಹಿಂಬದಿಯಿಂದ. ಅಲ್ಲಿನ ಮುಚ್ಚುತುಂಡು ಸರಿಯಾಗಿ ಬಿಗಿಯದಿದ್ದರೆ ಸಿಡಿದು ಹಾರುತ್ತಿತ್ತು. ನೆಚ್ಚಬಹುದಾದದ್ದು 68 ಪೌಂಡಿನ ಗುಂಡು ಹಾರಿಸುವ, ಹಳೇ ಮಾದರಿಯ 26 ಫಿರಂಗಿಗಳನ್ನೇ.